ಕರಗದ ಕೇಕು

ನಮ್ಮದು ಮೊಟ್ಟೆಯನ್ನು ಹೊಸಿಲು ದಾಟಿಸದ ಮನೆ. ಹಾಗಾಗಿ 1985ರಲ್ಲಿ ಫ್ರಿಜ್ ಬಂದ ಮೇಲೆ ಹುಟ್ಟುಹಬ್ಬಗಳಿಗೆ ನಾನು ಮಾಡುತ್ತಿದ್ದ ಕೇಕೆಂದರೆ ಹಣ್ಣಿನ ಜೆಲ್ಲಿ. ಪ್ಯಾಕೆಟ್ಟಿನ ಕೆಂಪು ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬಾಳೆಹಣ್ಣು, ದ್ರಾಕ್ಷಿ, ಕಿತ್ತಳೆ ತೊಳೆ ಹಾಕಿ ಸ್ಟೀಲ್ ಡಬರಿಯಲ್ಲಿ ರಾತ್ರಿಯಿಡೀ ಇಡುವುದು. ಬೆಳಿಗ್ಗೆ ಡಬರಿಯ ತಳವನ್ನು ಅರೆಕ್ಷಣ ಬಿಸಿನೀರಿಗೆ ತಾಗಿಸಿ ತಟ್ಟೆಗೆ ಬೋರಲು ಹಾಕಿದರೆ ನಡುಗುತ್ತ ಇಳಿಯುತ್ತಿತ್ತು. ಒಮ್ಮೆ ಹಸಿ ಅನಾನಸ್ ಹಾಕಿ ಇಡೀ ಕೇಕು ಪಾನಕವಾಯಿತು. ಆ ಹಣ್ಣಿನ ಕಿಣ್ವ ಜೆಲಟಿನ್ನನ್ನು ಒಡೆದುಬಿಡುತ್ತದೆ, ಬೇಯಿಸಿ ಹಾಕಬೇಕು ಎಂಬುದು ಆಮೇಲೆ ತಿಳಿಯಿತು.

"ಮೊಟ್ಟೆ ಇಲ್ಲ ತಾನೆ?" ಎಂದು ಅಜ್ಜಿ ಪ್ರತಿ ಸಲವೂ ಕೇಳುತ್ತಿದ್ದಳು. "ಇಲ್ಲಜ್ಜಿ" ಎನ್ನುತ್ತಿದ್ದೆ. ಸುಳ್ಳೇನಲ್ಲ. ಹಲ್ಲಿಲ್ಲದ ಬಾಯಿಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿರಲಿಲ್ಲ.

ಮಾಂಸಾಹಾರದ ಪ್ಯಾಕೆಟ್ಟುಗಳ ಮೇಲೆ ಕಂದು ಚುಕ್ಕೆ ಇರಬೇಕೆಂಬ ನಿಯಮ 2001ರಲ್ಲಿ ಜಾರಿಗೆ ಬಂತು. ಆ ಚುಕ್ಕೆ ನನ್ನ ಜೆಲ್ಲಿಯ ಮೇಲೂ ಕಂಡಿತು. ನಮ್ಮ ಶಾಲೆಯ ವಿಜ್ಞಾನದ ಮೇಡಂ ವಿವರಿಸಿದರು: ದನ, ಹಂದಿಗಳ ಚರ್ಮ ಮೂಳೆಗಳಿಂದ ತೆಗೆಯುವ ವಸ್ತು ಅದು, ಮೈಶಾಖಕ್ಕೇ ಕರಗುತ್ತದೆ, ಅದಕ್ಕೇ ಬಾಯಲ್ಲಿ ಅಷ್ಟು ಹಿತ.

ಹದಿನಾರು ವರ್ಷ ತಿನ್ನಿಸಿದ್ದು ಪಾಪವೆ? ಗೊತ್ತಿಲ್ಲದೆ ಮಾಡಿದ್ದಕ್ಕೆ ಹೊಣೆಯಿಲ್ಲವೆಂದು ಮನಸ್ಸನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗೊತ್ತಾದ ಮೇಲಿನದು. ಹೇಳಿದರೆ ಏಕಾದಶಿಯಂದು ಹನಿ ನೀರೂ ಮುಟ್ಟದ ಆ ಜೀವ ಉಳಿದ ದಿನಗಳನ್ನು ಹೇಸಿಗೆಯಲ್ಲೇ ಕಳೆಯುತ್ತಿತ್ತು. ಹೇಳದಿದ್ದರೆ, ಅವಳ ವ್ರತದ ವಿಚಾರದಲ್ಲಿ ತೀರ್ಪು ಕೊಡಲು ನಾನ್ಯಾರು? ದಕ್ಷಿಣ ಆಫ್ರಿಕಾದಲ್ಲಿ ಕಾಯಿಲೆ ಮಲಗಿದ್ದ ಕಸ್ತೂರ ಬಾ ಅವರಿಗೆ ಗೋಮಾಂಸದ ಸಾರು ಕೊಡಬೇಕೆಂದು ವೈದ್ಯರು ಹಟ ಹಿಡಿದಾಗ ಗಾಂಧೀಜಿ ಹೋಗಿ ಆಕೆಯನ್ನೇ ಕೇಳಿದರು, ಆಕೆ ಬೇಡವೆಂದರು. ಕೇಳುವ ಆ ಧೈರ್ಯ ನನಗೆ ಬರಲಿಲ್ಲ. ಅದನ್ನು ಕರುಣೆ ಎಂದು ಕರೆದುಕೊಂಡೆ. ಅದರಲ್ಲಿ ಬೈಗುಳದ ಹೆದರಿಕೆ ಎಷ್ಟು ಪಾಲಿತ್ತೋ!

ಮುಂದಿನ ಹುಟ್ಟುಹಬ್ಬಕ್ಕೆ ಚೈನಾ ಗ್ರಾಸ್ ತಂದೆ. ಸಮುದ್ರದ ಪಾಚಿಯದು, ದೋಷವಿಲ್ಲ. ಆದರೆ ಚೆನ್ನಾಗಿ ಕುದಿಸಿದರೆ ಮಾತ್ರ ಕರಗುವ ಜಾತಿ. ಬಾಯಿಯ ಬಿಸಿಗೆ ಜಗ್ಗುವುದಿಲ್ಲ. ಅಜ್ಜಿ ಒಂದು ತುಂಡನ್ನು ದವಡೆಯಿಂದ ದವಡೆಗೆ ಹೊರಳಿಸಿ, "ಇದೇನೇ, ಕರಗೋದೇ ಇಲ್ಲ?" ಎಂದಳು.

"ಆ ಪ್ಯಾಕೆಟ್ಟು ಈಗ ಬರಲ್ಲಜ್ಜಿ." ಇದು ಮಾತ್ರ ಶುದ್ಧ ಸುಳ್ಳು.

ಅವಳು ಬಿಟ್ಟಾಳೆಯೆ? ನನ್ನ ತಮ್ಮನಿಗೆ ಹೇಳಿ ಮೈಸೂರಿನಿಂದ ಅದೇ ಪ್ಯಾಕೆಟ್ಟನ್ನು ತರಿಸಿ ನನ್ನ ಕೈಗಿಟ್ಟಳು. ಕಂದು ಚುಕ್ಕೆ ಅವಳ ಕಣ್ಣಿಗೆ ಕಾಣುವಷ್ಟು ದೊಡ್ಡದಿರಲಿಲ್ಲ. ರಾತ್ರಿ ಪುಡಿಯನ್ನು ಬಚ್ಚಲಿಗೆ ಸುರಿದು, ಚೈನಾ ಗ್ರಾಸನ್ನೇ ಕುದಿಸಿ ಅಚ್ಚು ಹಾಕಿ, ಖಾಲಿ ಪ್ಯಾಕೆಟ್ಟನ್ನು ಅವಳಿಗೆ ಕಾಣುವಂತೆ ಕಟ್ಟೆಯ ಮೇಲಿಟ್ಟೆ.

ಬೆಳಿಗ್ಗೆ ತಿಂದಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಪ್ಯಾಕೆಟ್ಟು ಅದೇ. ನಿನ್ನ ಕೈಗುಣವೇ ಹೋಗಿದೆ ಕಣೇ" ಎಂದು ತಟ್ಟೆಯನ್ನು ಮೊಮ್ಮಗುವಿನ ಕಡೆ ಸರಿಸಿದಳು. ಬಂದವರ ಎದುರಿಗೂ ಅದನ್ನೇ ಹೇಳಿದಳು. ನಾನು ಹೂಂ ಎಂದೆ.