ಕರೆಯದೆ ಒಳಗೆ ಬಾರದ ಪಿಶಾಚಿ

 

ಇಂದಿನ ಧಮ್ಮ ಚಿಂತನೆ

ಧಮ್ಮ ಬಂಧುಗಳೇ,

ಹೋದ ವರ್ಷ ಒಂದು ದಿನ ಬಿಸಿಯೂಟದ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಮೊಬೈಲಿನಲ್ಲಿ ನೋಡಿದ ಧಾರಾವಾಹಿಯ ಕತೆ ಹೇಳಿಕೊಳ್ಳುತ್ತಿದ್ದರು. 'ದಿ ವ್ಯಾಂಪೈರ್ ಡೈರೀಸ್' ಅಂತ, 2009ರಿಂದ 2017ರವರೆಗೆ ಅಮೆರಿಕದ ಟಿ.ವಿ.ಯಲ್ಲಿ ಬಂದದ್ದು. ಅದರಲ್ಲಿ ಕ್ಲೌಸ್ ಎಂಬ ರಕ್ತಪಿಶಾಚಿ. ವಯಸ್ಸು ಸಾವಿರ ವರ್ಷ, ಮುಖ ಮಾತ್ರ ಇನ್ನೂ ಯುವಕನದು. ಆ ಪಿಶಾಚಿಗಳಿಗೆ ಎರಡು ನಿಯಮ ಇವೆ ಎಂದು ಮಕ್ಕಳು ನನಗೆ ಪಾಠ ಮಾಡಿದರು. ಒಂದು, ಮನೆಯವರು "ಒಳಗೆ ಬಾ" ಅನ್ನದೆ ಅವು ಹೊಸ್ತಿಲು ದಾಟಲಾರವು. ಎರಡು, ಮಾಡಿದ ತಪ್ಪು ಮನಸ್ಸನ್ನು ಚುಚ್ಚತೊಡಗಿದರೆ ಅವು ತಮ್ಮೊಳಗಿನ ಮನುಷ್ಯತ್ವವನ್ನೇ ಸ್ವಿಚ್ ಆಫ್ ಮಾಡಿಕೊಳ್ಳುತ್ತವೆ.

ನಾನು ನಕ್ಕೆ. ನಾನೇನು ಕಮ್ಮಿ? 1990ರ ದಶಕದಲ್ಲಿ ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಊರೂರಲ್ಲಿ ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದಾಗ ನಮ್ಮ ಮನೆಯ ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದವನು ನಾನೇ.

ಅದೇ ವಾರ ಪ್ರಾರ್ಥನೆಯ ಸಾಲಿನಲ್ಲಿ ಒಬ್ಬ ಹುಡುಗಿ ಕುಸಿದು ಬಿದ್ದಳು. ಕಣ್ಣ ರೆಪ್ಪೆಯ ಒಳಗೆ ಕೆಂಪೇ ಇಲ್ಲ, ಉಗುರು ಬಿಳುಚಿಕೊಂಡಿತ್ತು. ಸಂಜೆ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಭಗವಾನ್ ಬುದ್ಧರು, ಪಕ್ಕದಲ್ಲಿ ಬಾಬಾಸಾಹೇಬರು. ಮಗಳ ತೋಳಿನಲ್ಲಿ ಕಪ್ಪು ದಾರದ ಅಂತ್ರ.

"ಗಾಳಿ ಸೋಕದೆ ಅಂದ್ರು ಮೇಷ್ಟ್ರೇ. ಸಾಲ ಮಾಡಿ ಕಟ್ಟುಸ್ದೊ" ಅಂದರು ಆ ತಾಯಿ. "ಬುದ್ಧರಿಗೆ ಕೈ ಮುಗುದ್ರೂ ಎದೆ ಒಳಗ್ಲ ಭಯ ಹೋಗಲ್ಲವಲ್ಲ."

ಬೈಯಲು ಬಾಯಿ ಬರಲಿಲ್ಲ. "ಅಕ್ಕಾ, ಅಂತ್ರ ಬಿಚ್ಚಿ ಅಂತ ನಾನು ಹೇಳಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬನ್ನಿ ಅಷ್ಟೆ" ಅಂದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏಳು ಗ್ರಾಂ. ಆ ವಯಸ್ಸಿಗೆ ಹನ್ನೆರಡಾದರೂ ಇರಬೇಕು. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳು.

ನಿಜವಾದ ರಕ್ತಪಿಶಾಚಿ ಇದೇ ನೋಡಿ. ಬಯಲು ಶೌಚದ ಮಣ್ಣಿನಲ್ಲಿ ಹುಟ್ಟುತ್ತದೆ, ಬರಿಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇದಕ್ಕೆ ಯಾರ ಕರೆಯೂ ಬೇಡ. ಹೋಗಿಸಲು ಮಂತ್ರವೂ ಬೇಡ, ಅಲ್ಬೆಂಡಜೋಲ್ ಮಾತ್ರೆ ಸಾಕು.

ಹಾಗಾದರೆ ಕರೆದದ್ದಕ್ಕೆ ಒಳಗೆ ಬಂದದ್ದು ಯಾವುದು? ಭಯ. ಅದಕ್ಕೆ ನಾವೇ "ಒಳಗೆ ಬಾ" ಅಂದೆವು, ಅದು ಸಾಲವನ್ನೂ ಜೊತೆಗೆ ಕರೆತಂದಿತು.

ಎರಡನೆಯ ನಿಯಮ ನನಗೆ ಸೇರಿದ್ದು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತೇವೆ. ಅವಳ ಹೆಸರಿನ ಮುಂದೆ ಪ್ರತಿ ವಾರ ಟಿಕ್ ಹಾಕಿದವನು ನಾನು. ಹೊಟ್ಟೆ ತೊಳಸುತ್ತದೆಂದು ಅವಳು ಅದನ್ನು ಕಿಟಕಿಯಾಚೆ ಎಸೆಯುತ್ತಿದ್ದಳಂತೆ. ನುಂಗಿದಳೇ ಎಂದು ನಾನು ಒಮ್ಮೆಯೂ ನೋಡಲಿಲ್ಲ. ತರಗತಿಯಲ್ಲಿ ತೂಕಡಿಸಿದಾಗ ಸೋಮಾರಿ ಎಂದು ಗದರಿಸಿ ನಿಲ್ಲಿಸಿದ್ದೆ. ನನ್ನ ಸ್ವಿಚ್ ಆಫ್ ಆಗಿ ಎಷ್ಟು ದಿನವಾಗಿತ್ತೋ!

ಇವಳೊಬ್ಬಳ ಕತೆಯಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಇಷ್ಟೂ ಮಕ್ಕಳಿಗೆ ಗಾಳಿ ಸೋಕಿತೇ?

ತಿಪಿಟಕದಲ್ಲಿ ಆಳವಕ ಯಕ್ಷನ ಪ್ರಸಂಗ ಬರುತ್ತದೆ. ತನ್ನ ನೆಲೆಯಲ್ಲಿದ್ದ ಭಗವಾನರಿಗೆ ಅವನು ಹೊರಗೆ ಹೋಗು ಅನ್ನುತ್ತಾನೆ, ಅವರು ಹೋಗುತ್ತಾರೆ. ಒಳಗೆ ಬಾ ಅನ್ನುತ್ತಾನೆ, ಬರುತ್ತಾರೆ. ಹೀಗೆ ಮೂರು ಸಲ. ನಾಲ್ಕನೆಯ ಸಲ ಅವರು ಅಲುಗುವುದಿಲ್ಲ. ಪ್ರಶ್ನೆಗೆ ಉತ್ತರಿಸದಿದ್ದರೆ ಎದೆ ಸೀಳುತ್ತೇನೆ ಎಂದು ಯಕ್ಷ ಬೆದರಿಸುತ್ತಾನೆ. ಬುದ್ಧರು ಮಂತ್ರ ಹಾಕಲಿಲ್ಲ, ಆಯುಧ ಎತ್ತಲಿಲ್ಲ. ಕೇಳು ಎಂದರು, ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು. ಕೊನೆಗೆ ಯಕ್ಷನೇ ಶರಣಾದ. ಇದನ್ನು ಪವಾಡವೆಂದು ಓದಬೇಡಿ. ಹೆದರಿಸುವುದರ ಎದುರು ಕೂತು ಪ್ರಶ್ನೆಗೆ ಉತ್ತರ ಹುಡುಕುವುದೇ ಧಮ್ಮದ ದಾರಿ ಎಂದು ಓದಿ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅತಿಮಾನುಷ ಶಕ್ತಿಯಲ್ಲಿ ನಂಬಿಕೆ ಇಡುವುದು ಧಮ್ಮವಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಪ್ರತಿ ಘಟನೆಗೂ ಕಾರಣವಿದೆ. ಆ ಕಾರಣ ಮನುಷ್ಯನ ಕೆಲಸದಲ್ಲಿ ಇಲ್ಲವೇ ಪ್ರಕೃತಿಯ ನಿಯಮದಲ್ಲಿ ಇರುತ್ತದೆ. ದುಃಖವಿದೆ, ಕಾರಣವಿದೆ, ಕಾರಣ ನೀಗಿದರೆ ದುಃಖ ನೀಗುತ್ತದೆ, ಅದಕ್ಕೆ ಮಾರ್ಗವಿದೆ. ಆ ಹುಡುಗಿಯ ವಿಷಯದಲ್ಲಿ ದುಃಖ ಸುಸ್ತು, ಕಾರಣ ಹುಳು, ಮಾರ್ಗ ಮಾತ್ರೆ, ಚಪ್ಪಲಿ, ಶೌಚಾಲಯ, ನುಗ್ಗೆಸೊಪ್ಪು. ಆರ್ಯಸತ್ಯ ನಮ್ಮ ಕೇರಿಗೆ ಬಂದರೆ ಹೀಗೇ ಮಾತಾಡುತ್ತದೆ.

ಮೂರು ತಿಂಗಳ ನಂತರ ಆ ಮಗು ಓಟದ ಸ್ಪರ್ಧೆಗೆ ಹೆಸರು ಕೊಟ್ಟಳು. ಅಂತ್ರವನ್ನು ತಾಯಿಯೇ ಬಿಚ್ಚಿದರಂತೆ. ನಾನು ಕೇಳಿರಲಿಲ್ಲ.

ಮೂಗೂರು ಸೀಮೆಯ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂದು ತ್ರಿಶರಣ ಹೇಳಿದ ಮೇಲೆ ಒಂದು ಕೆಲಸ ಮಾಡಿ. ಮನೆಯ ಹೆಣ್ಣುಮಗುವನ್ನು ಬೆಳಕಿಗೆ ಕರೆದು ಕಣ್ಣ ರೆಪ್ಪೆಯ ಒಳಬಣ್ಣ ನೋಡಿ. ಬಿಳುಚಿದ್ದರೆ ನಾಳೆ ಬೆಳಿಗ್ಗೆಯೇ ಆಸ್ಪತ್ರೆ. ದೆವ್ವಕ್ಕೆ 'ನಾಳೆ ಬಾ' ಎಂದು ಬರೆದ ನಾವು ಔಷಧಿಗೂ ಹಾಗೆಯೇ ಬರೆಯುವುದು ಬೇಡ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.