ಅಂಟಿಕೊಂಡ ಮುಳ್ಳು

2019ರ ಆಗಸ್ಟಿನಲ್ಲಿ ಘಟಪ್ರಭೆಯ ನೀರು ಗೋಕಾಕದ ನಮ್ಮ ಮನೆಗೆ ನುಗ್ಗಿದಾಗ ಅಜ್ಜನ ಎಚ್‌ಎಂಟಿ ಜನತಾ ಕೈಗಡಿಯಾರ ಟ್ರಂಕಿನಲ್ಲಿತ್ತು. ನೀರಿಳಿದ ಮೇಲೆ ಯಾರೋ ಅದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟು ಮರೆತರು. ಅಜ್ಜ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಕಳೆದ ಬೇಸಿಗೆಯಲ್ಲಿ ಹುಕ್ಕೇರಿಯ ಹಳೆಯ ವಾಚ್ ರಿಪೇರಿಯವರೊಬ್ಬರ ಬಳಿ ಒಯ್ದೆ.

ಕಾಕಾ ಗಾಜು ತೆಗೆದು, ಕಣ್ಣಿಗೆ ಮಸೂರ ಇಟ್ಟು ನೋಡಿದರು. ಯಂತ್ರ ತೊಳೆಯಬೇಕಾದರೆ ಡಯಲ್ ತೆಗೆಯಬೇಕು. ಡಯಲ್ ಬರಬೇಕಾದರೆ ಮೊದಲು ಮುಳ್ಳುಗಳು ಬರಬೇಕು. ಒಂದರೊಳಗೊಂದು ಸೇರಿದ ಎರಡು ಸಣ್ಣ ಕೊಳವೆಗಳ ಮೇಲೆ ಗಂಟೆ, ನಿಮಿಷದ ಮುಳ್ಳುಗಳು. ನಟ್ಟನಡುವೆ, ತೀರಾ ತೆಳ್ಳನೆಯ ಕಡ್ಡಿಯ ಮೇಲೆ ಸೆಕೆಂಡಿನ ಮುಳ್ಳು. ಮೂರನ್ನೂ ತುಕ್ಕು ಹಿಡಿದುಕೊಂಡಿತ್ತು.

“ಚಿಮಟಿಗೆಯಿಂದ ಎಳೆದರೆ?” ಅಂದೆ.

“ಜಗ್ಗಬ್ಯಾಡ ತಂಗಿ. ಜಗ್ಗಿದ್ರ ಬರತೈತಿ. ಆದ್ರ ಏನೇನು ಬರತೈತಿ ಅನ್ನೂದು ನಮ್ಮ ಕೈಯಾಗ ಇರೂದಿಲ್ಲ.”

ಅವರು ಗಡಿಯಾರದ ಮಾತಾಡಿದ್ದರು. ನನಗೆ ನೆನಪಾದದ್ದು ಮೂಡಲಗಿ ಕಡೆಯ ಒಂದು ಮನೆ. ನನ್ನ ಸಂಶೋಧನೆ ಶ್ರೀಕೃಷ್ಣ ಪಾರಿಜಾತದ ಮೇಲೆ. ಆ ಮನೆಯವರು ಪಾರಿಜಾತದ ಹಾಡುಗಳನ್ನು ಬರೆದಿಟ್ಟ ನೋಟ್‌ಬುಕ್ಕೊಂದನ್ನು ನಂಬಿ ನನ್ನ ಕೈಗಿತ್ತಿದ್ದರು. ಅದೂ ಅದೇ ನೆರೆಯಲ್ಲಿ ನೆನೆದದ್ದು. ಅಂಟಿಕೊಂಡ ಎರಡು ಹಾಳೆಗಳನ್ನು ನಾನು ಆತುರದಿಂದ ಬಿಡಿಸಿದೆ. ಒಂದು ಹಾಳೆಯ ಅಕ್ಷರಗಳು ಇನ್ನೊಂದರ ಮೇಲೆ ಕಿತ್ತು ಬಂದವು. ಹಾಡು ಉಳಿಯಲಿ ಎಂದೇ ಬಿಡಿಸಿದ್ದೆ, ಹಾಡೇ ಹೋಯಿತು.

ಉದ್ದೇಶ ಒಳ್ಳೆಯದಾಗಿದ್ದರೆ ಬಲಪ್ರಯೋಗಕ್ಕೆ ಪರವಾನಗಿ ಸಿಗುತ್ತದೆಯೇ? ಕೆಡಿಸಲು ಬಂದವನನ್ನು ಎಲ್ಲರೂ ತಡೆಯುತ್ತಾರೆ. ಉಳಿಸಲು ಬಂದವರಿಗೆ ಬಾಗಿಲು ತೆರೆದು, ಕೈಗೆ ವಸ್ತು ಕೊಟ್ಟು, ಚಹಾ ಕೊಡುತ್ತಾರೆ. ಹೀಗಾಗಿ ಉಳಿಸುವವರ ತಪ್ಪು ಯಾರಿಗೂ ಕಾಣುವುದಿಲ್ಲ. ಆ ಮನೆಯವರೂ ನನ್ನನ್ನು ಬೈಯಲಿಲ್ಲ. “ಇರಲಿ ಬಿಡ್ರಿ, ಹಳೇದು” ಅಂದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಕಾಕಾ ಸೂಜಿಯ ತುದಿಯಲ್ಲಿ ಎಣ್ಣೆ ತೆಗೆದುಕೊಂಡು ಮುಳ್ಳಿನ ಬುಡಕ್ಕೆ ಮುಟ್ಟಿಸಿದರು. ಹೆಚ್ಚಾದರೆ ಎಣ್ಣೆ ಹರಿದು ಡಯಲ್ ಕಲೆಯಾಗುತ್ತದೆ. ಎರಡು ದಿನ ಬಿಟ್ಟು ಬರಲು ಹೇಳಿದರು. ಮತ್ತೆ ಹೋದಾಗ ಮೂರೂ ಮುಳ್ಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿದರು. ಮುಳ್ಳಿನ ಬುಡಕ್ಕೆ ಎದುರುಬದುರಾಗಿ ಎರಡು ಸಣ್ಣ ಸನಿಕೆ ಕೊಟ್ಟು, ಎರಡೂ ಕಡೆ ಸಮನಾಗಿ, ನೆಟ್ಟಗೆ ಮೇಲಕ್ಕೆ ಎತ್ತಿದರು. ಒಂದೇ ಕಡೆ ಒತ್ತಿದರೆ ನಡುವಿನ ಕಡ್ಡಿ ಬಾಗುತ್ತದೆ ಅಥವಾ ಮುರಿಯುತ್ತದೆ. ಸೆಕೆಂಡಿನ ಮುಳ್ಳು ಬರಲಿಲ್ಲ. ಅವರು ಕೈ ತೆಗೆದರು. ಮತ್ತೆ ಎಣ್ಣೆ, ಮತ್ತೆರಡು ದಿನ.

“ಕತ್ತರಿಸಿ ಬೇರೆ ಹಾಕಿದರೆ?” ಎಂದು ಕೇಳಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಈಗ ಅಸಲಿ ಮುಳ್ಳು ಬೇಕೆಂದರೆ ಹೆಚ್ಚಾಗಿ ಇನ್ನೊಂದು ಕೆಟ್ಟ ಗಡಿಯಾರ ಬಿಚ್ಚಬೇಕು. “ಕಡ್ಡಿ ಉಳಸಾಕ ಮುಳ್ಳು ಕತ್ತರಿಸೂದು ಬ್ಯಾರೆ, ನಮಗ ಬ್ಯಾಸರ ಬಂತಂತ ಕತ್ತರಿಸೂದು ಬ್ಯಾರೆ” ಅಂದರು.

ನಾನು ಹಾಳೆ ಎಳೆದದ್ದು ಹಾಡಿಗಾಗಿ ಅಂದುಕೊಂಡಿದ್ದೆ. ನಿಜವಾಗಿ ಎಳೆದದ್ದು ಅಧ್ಯಾಯ ಮುಗಿಸುವ ಗಡುವಿಗಾಗಿ.

ಹಾಗಾದರೆ ಮುಟ್ಟದೆ ಬಿಡುವುದೇ ಸರಿಯೇ? ಅದೂ ಅಲ್ಲ. ಮುಟ್ಟದೆ ಬಿಟ್ಟದ್ದರಿಂದಲೇ ಗಡಿಯಾರಕ್ಕೆ ತುಕ್ಕು ಹಿಡಿದದ್ದು. ಕಾಕಾ ಆ ನಾಲ್ಕು ದಿನ ಸುಮ್ಮನಿರಲಿಲ್ಲ, ಕಾಯುತ್ತಿದ್ದರು. ಬಿಟ್ಟುಬಿಡುವವನಿಗೂ ಕಾಯುವವನಿಗೂ ಇರುವ ಅಂತರವನ್ನು ನಾನು ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಲಿತೆ.

ಮೂರನೆಯ ಸಲಕ್ಕೆ ಮುಳ್ಳು ಬಂತು. ಗಡಿಯಾರ ಈಗ ನಡೆಯುತ್ತದೆ, ದಿನಕ್ಕೆ ಎರಡು ನಿಮಿಷ ಹಿಂದೆ. ಡಯಲ್ ಮೇಲಿನ ನೆರೆಯ ಕಲೆಯನ್ನು ಕಾಕಾ ಮುಟ್ಟಲಿಲ್ಲ, ನಾನೂ ಕೇಳಲಿಲ್ಲ.

ಆ ನೋಟ್‌ಬುಕ್ಕಿನಲ್ಲಿ ಇನ್ನೂ ನಾಲ್ಕು ಹಾಳೆಗಳು ಅಂಟಿಕೊಂಡೇ ಇವೆ. ಕಾಗದದ ಕೆಲಸ ಬಲ್ಲವರನ್ನು ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಪ್ರಬಂಧದಲ್ಲಿ ಅವುಗಳ ಜಾಗದಲ್ಲಿ “ಓದಿಲ್ಲ” ಎಂದು ಬರೆದಿದ್ದೇನೆ. ಕಿತ್ತು ಹೋದ ಎರಡರ ಬಗ್ಗೆಯೂ ಬರೆದಿದ್ದೇನೆ: “ಸಂಶೋಧಕಿಯ ಕೈಯಿಂದ ಹಾಳಾಗಿವೆ.”