ಇಂದಿನ ಧಮ್ಮ ಚಿಂತನೆ: ಸಿಂಹವನಕ್ಕೆ ಯಾರ ಹೆಸರು?



ಧಮ್ಮ ಬಂಧುಗಳೇ,

ಕಳೆದ ಭಾನುವಾರ ನಮ್ಮ ವಿಹಾರದ ಹೊಸ ಕೋಣೆಯ ಮಾತು ಬಂತು. ಯಾರ ಹೆಸರಿಡಬೇಕು, ದಾನಿಗಳ ಫಲಕದಲ್ಲಿ ಯಾರ ಹೆಸರು ಮೇಲಿರಬೇಕು ಎಂದು ಮಾತು ಬಿಸಿಯಾಯಿತು. ಇಬ್ಬರು ಹಿರಿಯರು ವಂದನೆಗೂ ನಿಲ್ಲದೆ ಎದ್ದು ಹೋದರು. ನಾನೂ ಆಡಬಾರದ ಒಂದು ಮಾತನ್ನು ಆಡಿದೆ. ಅಂದಿನಿಂದ ಚೀನಾದ ಒಂದು ತೋಟ ಮನಸ್ಸಿನಲ್ಲಿ ಸುಳಿಯುತ್ತಿದೆ.

ಸೂಝೌ ನಗರದ ಆ ತೋಟದ ಹೆಸರು *ಸಿಂಹವನ*. ತಿಯಾನ್‌ರು ವೇಜೆ ಎಂಬ ಭಿಕ್ಖುವಿನ ಶಿಷ್ಯರು ತಮ್ಮ ಗುರುಗಳ ವಾಸಕ್ಕೆಂದು 1342ರಲ್ಲಿ ಹಣ ಕೂಡಿಸಿ ಕಟ್ಟಿದ್ದು. ಅಲ್ಲಿ ದಟ್ಟ ಬಿದಿರು, ಬಿದಿರಿನ ಕೆಳಗೆ ಸಿಂಹದಂತೆ ಕಾಣುವ ಕಲ್ಲುಗಳು. ಬಿದಿರು ಎಂದರೆ ನಮಗೆ ನೆನಪಾಗುವುದು ಬಿಂಬಿಸಾರ ಸಂಘಕ್ಕೆ ಕೊಟ್ಟ ವೇಳುವನ.

ವೇಜೆ ಆ ತೋಟಕ್ಕೆ ತಮ್ಮ ಹೆಸರಿಡಲಿಲ್ಲ, ಹಣ ಕೊಟ್ಟವರ ಹೆಸರನ್ನೂ ಇಡಲಿಲ್ಲ. ಅವರ ಗುರು ಮಿಂಗ್‌ಬೆನ್ 1323ರಲ್ಲೇ ತೀರಿಕೊಂಡಿದ್ದರು. ಆ ಗುರು ಸಾಧನೆ ಮಾಡಿದ ತಿಯಾನ್‌ಮು ಬೆಟ್ಟದ ಸಿಂಹಬಂಡೆಯ ನೆನಪು ಈ ಹೆಸರಿನಲ್ಲಿದೆ. ತಥಾಗತರ ಉಪದೇಶವನ್ನು ಸಿಂಹನಾದ ಎನ್ನುವುದೂ ಇದರಲ್ಲಿ ಸೇರಿದೆ.

ಇದು ವ್ಯಕ್ತಿಪೂಜೆಯಲ್ಲವೇ ಎಂದು ಕೇಳಬಹುದು. ಕೇಳಲೇಬೇಕು, 25 ನವೆಂಬರ್ 1949ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದ ವ್ಯಕ್ತಿಪೂಜೆಯ ಬಗ್ಗೆ ಎಚ್ಚರಿಸಿದ್ದಾರೆ. ಆದರೆ ಗಮನಿಸಿ, ತೋಟಕ್ಕೆ ಬಂದದ್ದು ಗುರುವಿನ ಹೆಸರಲ್ಲ, ಗುರು ಕೂತು ದುಡಿದ ಜಾಗದ ಹೆಸರು. ಆ ಗುರುವಾದರೂ ಎಂಥವರು? ದೊಡ್ಡ ವಿಹಾರಗಳ ಮುಖ್ಯಸ್ಥರಾಗಿ ಎಂದರೆ ಒಪ್ಪದೆ ಊರೂರು ತಿರುಗಿದವರು. ತಾವು ತಂಗಿದ ಗುಡಿಸಲುಗಳಿಗೆ ‘ಭ್ರಮೆಯ ಬಿಡಾರ’ ಎಂಬ ಅರ್ಥದ ಹೆಸರಿಟ್ಟವರು.

ಮುಂದೆ ತೋಟ ಹಾಳು ಬಿತ್ತು, ಕೈಯಿಂದ ಕೈಗೆ ಹೋಯಿತು. ನಡುವೆ ಬೇರೆ ಹೆಸರೂ ಬಂತು. 18ನೇ ಶತಮಾನದಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ಮತ್ತೆ ಮತ್ತೆ ಬಂದು, ಮೆಚ್ಚಿ, ತನ್ನ ಅರಮನೆಯ ತೋಟಗಳಲ್ಲಿ ಇದರ ನಕಲು ಮಾಡಿಸಿದ. 20ನೇ ಶತಮಾನದಲ್ಲಿ ವಾಸ್ತುಶಿಲ್ಪಿ ಐ.ಎಂ. ಪೇ ಅವರ ಮನೆತನ ಕೊಂಡಿತು. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದು ಟಿಕೆಟ್ ಕೊಂಡವರೆಲ್ಲ ಒಳಗೆ ಹೋಗಬಹುದು. ಇಷ್ಟು ಒಡೆಯರು ಬಂದುಹೋದರು, ಉಳಿದದ್ದು ‘ಸಿಂಹವನ’. ಅನಿಚ್ಚ ಎಂಬುದನ್ನು ಇದಕ್ಕಿಂತ ಸುಲಭವಾಗಿ ಹೇಗೆ ಹೇಳುವುದು?

ಇನ್ನೊಂದು ವಿಷಯ. ಆ ತೋಟ ಹೆಸರಾಗಿರುವುದು ಕಲ್ಲಿನ ಗುಡ್ಡಗಳಿಗೆ. ತಾಯ್‌ಹು ಸರೋವರದ ನೀರು ಕೊರೆದು ತೂತು ಮಾಡಿದ ಸುಣ್ಣಕಲ್ಲುಗಳವು. ಮೈಯೆಲ್ಲ ತೂತು, ಸುಕ್ಕು ಇದ್ದಷ್ಟೂ ಅವಕ್ಕೆ ಬೆಲೆ. ಅವುಗಳ ನಡುವೆ ಗವಿಗಳು, ಸುತ್ತುಬಳಸಿನ ದಾರಿಗಳು. ಎದುರಿನ ಬಂಡೆಯ ಮೇಲೆ ನಿಂತವರು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಾರೆ, ಆದರೆ ಅವರನ್ನು ಮುಟ್ಟಬೇಕಾದರೆ ಇಳಿಯಬೇಕು, ಗವಿಯಲ್ಲಿ ತಲೆ ಬಗ್ಗಿಸಬೇಕು, ಮತ್ತೆ ಹತ್ತಬೇಕು.

ಬಂಧುಗಳೇ, ಸಭೆಯಲ್ಲಿ ಒಂದೇ ಜಮಖಾನೆಯ ಮೇಲೆ ಕೂತ ನಮ್ಮ ನಡುವೆಯೂ ಈಗ ಅಂಥ ದಾರಿಯೇ ಇದೆ. ತಲೆ ಬಗ್ಗಿಸದೆ ಅದನ್ನು ದಾಟಲಾಗದು. ಸಂಜೆ ಶಾಲೆ ಬಿಟ್ಟ ಮೇಲೆ ಆ ಇಬ್ಬರು ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ಜೊತೆಗೆ ಬರುವವರು ಬನ್ನಿ.

*ಇಂದು ಯೋಚಿಸೋಣ:* ನಾನು ಕೊಟ್ಟ ದಾನ ನನ್ನ ಕೈ ಬಿಟ್ಟಿದೆಯೇ?

ಭವತು ಸಬ್ಬ ಮಂಗಲಂ. ಜೈ ಭೀಮ್.